ತಕ್ಕಡಿ ಅಕ್ಕ ಮತ್ತು ಹನ್ನೊಂದನೇ ನಿಯಮ

ಇಲಾಖೆಯ ಸಭೆಯ ಕೋಣೆಗೆ ತಕ್ಕಡಿ ಅಕ್ಕ ಮೊದಲ ಸಲ ಕಾಲಿಟ್ಟದ್ದು ಒಂದು ಮಂಗಳವಾರ, ಹನ್ನೊಂದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ. ಮೂರನೇ ಮಹಡಿ. ಉದ್ದನೆಯ ಮೇಜು, ಅದರ ಮೇಲೆ ಹಸಿರು ಬಟ್ಟೆ. ಪ್ರತಿ ಕುರ್ಚಿಯ ಮುಂದೆ ಒಂದು ನೀರಿನ ಬಾಟಲಿ, ಒಂದು ಪೆನ್ಸಿಲು, ಒಂದು ಹಾಳೆ. ಕಿಟಕಿ ಪಕ್ಕದ ಕೊನೆಯ ಕುರ್ಚಿಯ ಮುಂದೆ ‘ಅಧ್ಯಕ್ಷರು, ತಕ್ಕಡಿ ರಿಪೇರಿದಾರರ ಸಂಘ’ ಎಂಬ ಫಲಕವಿತ್ತು. ಅವಳು ಸಂಘದ ಅಧ್ಯಕ್ಷೆಯಲ್ಲ, ಜಂಟಿ ಕಾರ್ಯದರ್ಶಿ. ಅಧ್ಯಕ್ಷರಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಬದಲಿಗೆ ಬಂದಿದ್ದಳು. ಸಂಕೋಚದಿಂದ ಕುರ್ಚಿಯ ತುದಿಯಲ್ಲಿ ಕುಳಿತು ಮೇಜಿನ ಅಂಚನ್ನು ಒತ್ತಿದಳು. ಮೇಜು ಅಲ್ಲಾಡಿತು. ಅಲ್ಲಾಡುವುದನ್ನು ಕಂಡು ಸುಮ್ಮನಿರುವುದು ಅವಳ ಜಾಯಮಾನವೇ ಅಲ್ಲ. ಮುಂದಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಬಗ್ಗಿ, ಮೇಜಿನ ಕಾಲಿನ ಕೆಳಗೆ ತುರುಕಿದಳು. ತಲೆ ಎತ್ತಿದರೆ ಎದುರಿಗೆ ದಪ್ಪ ಕನ್ನಡಕದ ಒಬ್ಬರು ನಿಂತಿದ್ದರು.

“ಅದು ಇವತ್ತಿನ ಅಜೆಂಡಾ ಅಮ್ಮ,” ಎಂದರು ಅವರು.

ತೂಕ ಮತ್ತು ಅಳತೆ ಇಲಾಖೆಯ ಅಧಿಕಾರಿ ಅವರು. ಹೊಸ ನಿಯಮಗಳ ಕರಡನ್ನು ಚರ್ಚಿಸುವ ಕಮಿಟಿ ನಡೆಸುವವರೂ ಅವರೇ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮಾತ್ರ ಇನ್ನೊಂದು ಹಾಳೆ ಕೊಟ್ಟು, ಮೇಜನ್ನು ಒಮ್ಮೆ ಒತ್ತಿ ನೋಡಿ, ತಮ್ಮ ಜಾಗಕ್ಕೆ ಹೋದರು.

ಬೀದಿಯವರೆಲ್ಲ ಅವಳನ್ನು ತಕ್ಕಡಿ ಅಕ್ಕ ಎಂದೇ ಕರೆಯುವುದು. ಮದುವೆಯಾಗಿ ಬಂದ ಮನೆಯಲ್ಲಿ ಮಾವನದು ತಕ್ಕಡಿ ರಿಪೇರಿ ಅಂಗಡಿ. ಗಂಡನಿಗೆ ಬಸ್ಸಿನ ಸ್ಟೀರಿಂಗ್ ಬಿಟ್ಟರೆ ಬೇರೇನೂ ರುಚಿಸಲಿಲ್ಲ. ಮಾವನ ಕೈ ನಡುಗತೊಡಗಿದಾಗ ಸ್ಕ್ರೂಡ್ರೈವರ್ ಸೊಸೆಯ ಕೈಗೆ ಬಂತು. ಇಪ್ಪತ್ತೆರಡು ವರ್ಷದಿಂದ ಅವಳು ಸ್ಕೂಟರಿನಲ್ಲಿ ತೂಕದ ಕಲ್ಲುಗಳನ್ನಿಟ್ಟುಕೊಂಡು ಅಂಗಡಿ, ಗೋದಾಮು, ಗುಜರಿ ಎನ್ನದೆ ತಿರುಗಿದ್ದಾಳೆ. ವರ್ಷಕ್ಕೊಮ್ಮೆ ತಕ್ಕಡಿ ಇದ್ದಲ್ಲಿಗೇ ಹೋಗಿ ಸರಿಪಡಿಸಿ, ತೂಕ ಸರಿಯಿದೆ ಎಂಬ ಚೀಟಿ ಅಂಟಿಸುವುದೇ ಅವಳ ಅನ್ನ.

ಆ ಅನ್ನಕ್ಕೇ ಈಗ ಕಲ್ಲು ಬಿದ್ದಿತ್ತು. ಹೊಸ ಕರಡಿನ ಹನ್ನೊಂದನೇ ನಿಯಮದ ಪ್ರಕಾರ ಎಲ್ಲರೂ ತಕ್ಕಡಿಯನ್ನು ಇಲಾಖೆಯ ಕೇಂದ್ರಕ್ಕೇ ಹೊತ್ತು ತಂದು ಮುದ್ರೆ ಹಾಕಿಸಿಕೊಳ್ಳಬೇಕು. ಅದು ಹಾಗೇ ಅಚ್ಚಾದರೆ ಅವಳ ಅಂಗಡಿಯೂ ಸಂಘದ ಉಳಿದ ಅರವತ್ತು ಮಂದಿಯ ಅಂಗಡಿಗಳೂ ಬಾಗಿಲು ಹಾಕಬೇಕಿತ್ತು. ಕರಡು ನಿಯಮಕ್ಕೆ ಕಾರಣ ಇರಲಿಲ್ಲವೆಂದಲ್ಲ. ಕೆಲವರು ತಕ್ಕಡಿಯ ಮುಖವನ್ನೂ ನೋಡದೆ ಚೀಟಿ ಅಂಟಿಸಿ ಬರುತ್ತಾರೆಂದು ಅಧಿಕಾರಿ ಹೇಳಿದಾಗ ಅವಳು ಹಾಳೆ ನೋಡುತ್ತ ಕುಳಿತಳು. ಅಂಥವರು ಯಾರು ಯಾರೆಂದು ಅವಳಿಗೂ ಗೊತ್ತಿತ್ತು.

‘ಸಂಘದ ವಿರೋಧ ಇದೆ’ ಎಂದಷ್ಟೇ ಹೇಳಿ ಎದ್ದು ಬಾ ಎಂದು ಅಧ್ಯಕ್ಷರು ಕಲಿಸಿ ಕಳಿಸಿದ್ದರು. ಅವಳು ಗಿಳಿಯ ಹಾಗೆ ಒಪ್ಪಿಸಿದಳು. ತಿಂಗಳಾದ ಮೇಲೆ ಎರಡನೇ ಸಭೆ. ನಡಾವಳಿಯ ಪುಸ್ತಕದಲ್ಲಿ ‘ವಿರೋಧ ದಾಖಲಿಸಲಾಯಿತು’ ಎಂದು ಬರೆದಿತ್ತು. ಹನ್ನೊಂದನೇ ನಿಯಮ ಮಾತ್ರ ಇದ್ದ ಹಾಗೇ ಇತ್ತು. ಇಳಿಯುವಾಗ ಮೆಟ್ಟಿಲಲ್ಲಿ ಅಧಿಕಾರಿ ಸಿಕ್ಕರು.

“ವಿರೋಧ ಅಂದ್ರೆ ಬರ್ಕೋತೀವಿ ಅಮ್ಮ. ಆದ್ರೆ ಅದನ್ನ ನಿಯಮದಲ್ಲಿ ಎಲ್ಲಿ ಅಂತ ಹಾಕೋದು? ನಂಗೆ ಒಂದು ವಾಕ್ಯ ಬೇಕು. ಯಾಕೆ ಅನ್ನೋದಕ್ಕೆ ಕಾರಣಾನೂ ಬೇಕು. ಎರಡೂ ತನ್ನಿ.”

ಮನೆಗೆ ಬಂದು ಹೇಳಿದಾಗ ಮಾವ ನಕ್ಕರು. “ಕಮಿಟಿಗೆ ಹೋದವರು ಬಿಸ್ಕತ್ತು ತಿಂದು ಬರ್ತಾರೆ ಅಂದ್ಕೊಂಡಿದ್ದೆ. ನಿಂಗೆ ಹೋಮ್‌ವರ್ಕ್ ಬೇರೆ ಕೊಟ್ಟಿದ್ದಾರಲ್ಲಮ್ಮ.”

ಆ ತಿಂಗಳೆಲ್ಲ ಅವಳು ಕೆಲಸದ ನಡುವೆ ವಾಕ್ಯ ಕಟ್ಟಿದಳು. ಕಡೆಗೆ ಉಳಿದದ್ದು ಇದು: ‘ಹೊತ್ತು ಸಾಗಿಸಿದರೆ ತಕ್ಕಡಿ ಕೆಡುವುದರಿಂದ ಅದು ಇರುವಲ್ಲೇ ಪರೀಕ್ಷಿಸಬೇಕು.’ ಮೂರನೇ ಸಭೆಗೆ ಆ ವಾಕ್ಯ ಬರೆದ ಚೀಟಿಯ ಜೊತೆಗೆ ಅರವತ್ತು ಕೆಜಿವರೆಗೆ ತೂಗಬಲ್ಲ ಒಂದು ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ಇಪ್ಪತ್ತು ಕೆಜಿಯ ಕಲ್ಲನ್ನೂ ತಂದಳು. ಎಲ್ಲರ ಮುಂದೆ ತೂಗಿದಳು. ಇಪ್ಪತ್ತು ಕೆಜಿ, ಒಂದು ಗ್ರಾಮೂ ಆಚೀಚೆಯಿಲ್ಲ. ಆಮೇಲೆ ನಿವೃತ್ತಿಗೆ ಆರು ತಿಂಗಳಿದ್ದ ಇಲಾಖೆಯ ಜವಾನರೊಬ್ಬರು ತಕ್ಕಡಿಯನ್ನು ಹೊತ್ತು ಮೂರು ಮಹಡಿ ಇಳಿದು, ಏದುಸಿರು ಬಿಡುತ್ತ ಮತ್ತೆ ಹತ್ತಿ ಬಂದರು. ಅವಳು ಅದನ್ನು ಮೇಜಿನ ಮೇಲಿಟ್ಟು ಕಲ್ಲು ಹೇರಿದಳು.

ಇಪ್ಪತ್ತು ಕೆಜಿ. ಒಂದು ಗ್ರಾಮೂ ಆಚೀಚೆಯಿಲ್ಲ.

ಕಿರಾಣಿ ವರ್ತಕರ ಸಂಘದ ಪ್ರತಿನಿಧಿ ಕುರ್ಚಿಗೆ ಒರಗಿದರು. ರಿಪೇರಿಯವರು ಅಂಗಡಿಗೆ ಬರುವ ಕಾಟ ತಪ್ಪಿದರೆ ಸಾಕೆಂದು ಮೊದಲಿನಿಂದಲೂ ಕರಡಿನ ಪರವಾಗಿದ್ದವರು ಅವರು. “ಅಕ್ಕ, ನಿಮ್ಮ ತಕ್ಕಡಿನೇ ನಮ್ಮ ಕಡೆ ಸಾಕ್ಷಿ ಹೇಳ್ತಲ್ಲ,” ಎಂದರು.

ಅರವತ್ತು ಮನೆಗಳ ಒಲೆಯನ್ನು ತಾನೇ ನೀರು ಸುರಿದು ಆರಿಸಿದಂತಾಯಿತಲ್ಲ ಎಂದುಕೊಂಡು ಅವಳು ಚೀಟಿಯನ್ನು ಮುಷ್ಟಿಯಲ್ಲಿ ಮುದುರಿದಳು. ಆಗ ಬಾಗಿಲ ಬಳಿ ಬೆವರು ಒರೆಸಿಕೊಳ್ಳುತ್ತಿದ್ದ ಜವಾನರು ಕೆಮ್ಮಿದರು.

“ಸಾರ್, ಅಕ್ಕ ಕಲ್ಲಿಡೋ ಮೊದಲು ಅದರ ಕಾಲು ತಿರುಗಿಸಿದ್ರು.”

“ನಾನಾ?” ಎಂದು ಅವಳು ತನ್ನ ಕೈಯನ್ನೇ ನೋಡಿಕೊಂಡಳು.

ಅಧಿಕಾರಿ ಎದ್ದು ಬಂದರು. ಇಂಥ ಪ್ರತಿ ತಕ್ಕಡಿಯಲ್ಲೂ ಒಂದು ಗಾಜಿನ ಕಣ್ಣು, ಅದರೊಳಗೆ ನೀರಿನ ಗುಳ್ಳೆ ಇರುತ್ತದೆ. ಗುಳ್ಳೆ ನಡುವೆ ನಿಂತರೆ ತಕ್ಕಡಿ ಮಟ್ಟವಾಗಿದೆ ಎಂದರ್ಥ. ಅದು ಪಕ್ಕಕ್ಕೆ ಸರಿದಿದ್ದರೆ ಕೆಳಗಿನ ಕಾಲುಗಳನ್ನು ತಿರುಗಿಸಿ ಸರಿಮಾಡಬೇಕು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ ಕೈ, ಒಡತಿಯನ್ನು ಕೇಳದೆ ತನ್ನ ಕೆಲಸ ಮುಗಿಸಿತ್ತು.

“ಈಗ ನೀವಿಡಿ,” ಎಂದರು ಅಧಿಕಾರಿ ಜವಾನರಿಗೆ. “ನಿಮ್ಮದೇ ಅಂಗಡಿ ಅಂದ್ಕೊಳ್ಳಿ.”

ಜವಾನರು ಅಂಗಡಿಯವರು ಇಡುವ ಹಾಗೇ ಇಟ್ಟರು: ಬಾಗಿಲ ಪಕ್ಕ, ಜಾಗ ಇದ್ದಲ್ಲಿ, ಒಂದು ಬದಿ ಕಾಲೊರಸಿನ ಮೇಲೆ. ಕಲ್ಲು ಹೇರಿದರು. ಹತ್ತೊಂಬತ್ತು ಕೆಜಿ ಒಂಬೈನೂರ ಎಂಬತ್ತು ಗ್ರಾಂ. ಅಷ್ಟು ತೂಕಕ್ಕೆ ನಿಯಮದಲ್ಲಿ ಹತ್ತು ಗ್ರಾಂ ತಪ್ಪಿಗೆ ಮಾತ್ರ ಮಾಫಿ. ಅಕ್ಕ ಮಂಡಿಯೂರಿ, ಅಂಚಿಗೆ ಅಂಟಿಕೊಂಡಿದ್ದ ಗುಳ್ಳೆಯನ್ನು ವರ್ತಕರ ಪ್ರತಿನಿಧಿಗೆ ತೋರಿಸಿದಳು. ಎರಡು ಕಾಲುಗಳನ್ನು ತಿರುಗಿಸಿದಳು. ತೂಕ ಇಪ್ಪತ್ತಕ್ಕೆ ಬಂದು ನಿಂತಿತು.

“ಹೊತ್ತಿದ್ದಕ್ಕೆ ಕೆಟ್ಟಿಲ್ಲ,” ಎಂದಳು ನಿಧಾನವಾಗಿ. “ನಾನು ಬರ್ಕೊಂಡು ಬಂದಿದ್ದು ತಪ್ಪು. ಇಡೋದ್ರಲ್ಲಿ ಕೆಡುತ್ತೆ ಸಾರ್. ನೀವು ಇಲ್ಲಿ ಮುದ್ರೆ ಹಾಕಿ, ಬೇಡ ಅನ್ನಲ್ಲ. ಅಂಗಡಿಗೆ ಹೋದ್ಮೇಲೆ ಗೊತ್ತಿರೋರು ಒಬ್ರು ಕೂರಿಸಿ, ತೂಗಿ ನೋಡ್ಬೇಕು.”

ಅಧಿಕಾರಿ ಬರೆದುಕೊಂಡರು. ಪೆನ್ನು ನಿಲ್ಲಿಸಿ, “ಎಲ್ಲ ತಕ್ಕಡಿಗೂ ಬೇಕಾ?” ಎಂದು ಕೇಳಿದರು.

ಹೌದು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಹೌದು ಎಂದಿದ್ದರೆ ಕೆಲಸ ಪೂರ್ತಿ ಉಳಿಯುತ್ತಿತ್ತು. ಆದರೆ ಜೀವನವಿಡೀ ಇನ್ನೊಬ್ಬರ ತೂಕದಲ್ಲಿ ತಪ್ಪು ಹುಡುಕಿದವಳಿಗೆ ಆ ಮಾತು ಆಡಲು ಮನಸ್ಸು ಬರಲಿಲ್ಲ.

“ಐವತ್ತು ಕೆಜಿ ಮೇಲೆ ತೂಗೋವಕ್ಕೆ ಬೇಕು. ಚಿಕ್ಕವು ಕಟ್ಟೆ ಮೇಲೆ ಕೂತಿರ್ತವೆ. ಗುಳ್ಳೆ ನೋಡೋದು ಹೇಳಿಕೊಟ್ರೆ ಅಂಗಡಿಯವರೇ ಸರಿ ಇಟ್ಕೋತಾರೆ.”

ಸುದ್ದಿ ಕೇಳಿ ಅಧ್ಯಕ್ಷರು ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ಅಂಗಡಿಗೆ ಬಂದರು. ಅರ್ಧ ತಟ್ಟೆ ಊಟವನ್ನು ಎದುರಿನವರಿಗೆ ಬಡಿಸಿ ಬಂದೆಯಲ್ಲ ಎಂದು ಬೈದರು. ಮಾವ ಮೂಲೆಯಿಂದ, “ತಟ್ಟೆನೇ ಹೋಗ್ತಿತ್ತಲ್ಲಪ್ಪ. ಅರ್ಧ ಉಳೀತು, ಕೂತ್ಕೋ,” ಎಂದರು.

ನಾಲ್ಕು ತಿಂಗಳ ಮೇಲೆ ನಿಯಮ ಅಚ್ಚಾಗಿ ಬಂತು. ಹನ್ನೊಂದರ ಕೆಳಗೆ ಮೂರನೇ ಉಪನಿಯಮ. ‘ಕೂರಿಸಿ ತೂಗಿ ನೋಡಬೇಕು’ ಎಂಬ ಅವಳ ಮಾತು ‘ಸ್ಥಾಪನಾ ಸ್ಥಳದಲ್ಲಿ ಮರುಪರೀಕ್ಷೆಗೆ ಒಳಪಡಿಸತಕ್ಕದ್ದು’ ಎಂದು ಕೋಟು ಹಾಕಿಕೊಂಡು ನಿಂತಿತ್ತು. ಮಾವ ಭೂತಗನ್ನಡಿ ಹಿಡಿದು ಮೂರು ಸಲ ಓದಿದರು. ಸಣ್ಣ ತಕ್ಕಡಿಗಳ ಕೆಲಸ ತಪ್ಪಿದ್ದರಿಂದ ಸಂಘದ ಇಬ್ಬರು ಅಂಗಡಿ ಮುಚ್ಚಿ ಬೇರೆ ಕೆಲಸಕ್ಕೆ ಹೋದರು. ಅವರಲ್ಲಿ ಒಬ್ಬರು ಇಂದಿಗೂ ಅವಳನ್ನು ಕಂಡರೆ ರಸ್ತೆ ದಾಟುತ್ತಾರೆ. ಅದು ಅವಳಿಗೆ ನೋಯುತ್ತದೆ, ಆದರೆ ಅವಳು ಅವರ ಬಗ್ಗೆ ಹಗುರವಾಗಿ ಮಾತಾಡಿದ್ದಿಲ್ಲ.

ಈಗ ತಕ್ಕಡಿ ಅಕ್ಕ ವಾರಕ್ಕೆ ನಾಲ್ಕು ದಿನ ಗೋದಾಮು, ಗಿರಣಿ, ಗುಜರಿಗಳಿಗೆ ಹೋಗಿ ದೊಡ್ಡ ತಕ್ಕಡಿಗಳನ್ನು ಕೂರಿಸುತ್ತಾಳೆ. ಬುಧವಾರ ಮಧ್ಯಾಹ್ನ ಇಲಾಖೆಯ ಕೇಂದ್ರದಲ್ಲಿ ಸಣ್ಣ ಅಂಗಡಿಯವರಿಗೆ ಗುಳ್ಳೆ ನೋಡುವುದನ್ನು ಹೇಳಿಕೊಡುತ್ತಾಳೆ. ಮೂರು ತಿಂಗಳಿಗೊಮ್ಮೆ ಸಂಘದ ಪರವಾಗಿ ಕಮಿಟಿಗೂ ಅವಳೇ ಹೋಗುತ್ತಾಳೆ.