ಉಸುಕಿನ ಮೇಲಿಟ್ಟ ರೊಟ್ಟಿ ಗಂಟು

ಮಧ್ಯಾಹ್ನ ಒಂದಕ್ಕೆ ನನ್ನ ಊಟ. ಶಾಲೆಯ ಕೆಲಸ ಬಿಟ್ಟರೂ ಬಿಡದ ಅಭ್ಯಾಸ. ಆ ಗಂಟೆ ಈಗಲೂ ನನ್ನ ಹೊಟ್ಟೆಯಲ್ಲಿ ಹೊಡೆಯುತ್ತದೆ. ಇವತ್ತು ತಾಟಿನ ಮುಂದೆ ಕೂರುವುದಕ್ಕೂ ಮಾಳಿಗೆಯಿಂದ ಕೊಬ್ಬರಿ ಎಣ್ಣೆಯಲ್ಲಿ ಮೀನು ಹುರಿಯುವ ವಾಸನೆ ಇಳಿದು ಬರುವುದಕ್ಕೂ ಸರಿಹೋಯಿತು. ಮೇಲಿನ ಕೋಣೆಗೆ ಬಾಡಿಗೆಗೆ ಬಂದಿರುವ ನರ್ಸಬಾಯಿ ಕರಾವಳಿಯವಳು. ಚಿತ್ತಾಪುರದ ನಮ್ಮ ಮನೆಯಲ್ಲಿ ಇಂಥ ವಾಸನೆ ಹಿಂದೆಂದೂ ಆಡಿದ್ದಿಲ್ಲ. ಬೇರೆ ಮನೆ ನೋಡಿಕೊಳ್ಳಮ್ಮ ಎಂದು ಹೇಳಿಯೇ ಬಿಡಬೇಕೆಂದು ಎದ್ದೆ. ಮೆಟ್ಟಿಲ ಬಳಿ ನಮ್ಮ ಅತ್ತೆ ಅಡ್ಡ ಬಂದರು. ಅವರು ತೀರಿಕೊಂಡು ಬಹಳ ವರ್ಷಗಳಾದವು, ಆದರೂ ಬಂದರು.

ನೀವು ಕಡಲು ನೋಡಿರಬಹುದು. ನಾವು ಕಾಗಿಣಾ ಹೊಳೆಯಷ್ಟೇ ನೋಡಿದವರು. ಹಿಂದೊಮ್ಮೆ ನಮ್ಮ ಮನೆಯವರು ತರಬೇತಿಗೆಂದು ಕಾರವಾರಕ್ಕೆ ಹೊರಟಾಗ, ಸಮುದ್ರ ನೋಡಬೇಕೆಂದು ಅತ್ತೆಯೂ, ಅತ್ತೆಯನ್ನು ನೋಡಿಕೊಳ್ಳಲೆಂದು ನಾನೂ ಜೊತೆಗೆ ಹೋದೆವು. ಹೊತ್ತಿಗೆ ಸರಿಯಾಗಿ ಊಟ ಬೀಳದಿದ್ದರೆ ಅತ್ತೆಗೆ ಕಣ್ಣು ಕತ್ತಲೆ ಬರುತ್ತಿತ್ತು. ಆದರೆ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುವವರಲ್ಲ, ಕಂಡವರ ಒಲೆಯ ಅನ್ನ ಮುಟ್ಟುವವರಲ್ಲ. ಹಾಗಾಗಿ ಕಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ನಮ್ಮೊಂದಿಗೇ ಇದ್ದವು. ವೇಳಾಪಟ್ಟಿ ನನ್ನದು: ಪೂಜೆಯ ನಂತರ ದಂಡೆಗುಂಟ ನಡಿಗೆ, ಒಂದಕ್ಕೆ ಊಟ.

ನೀರಿಗಿಳಿಯುವ ಮುಂಚೆ ಗಂಟನ್ನು ಎಲ್ಲಿಡಲಿ ಎಂದು ಕೇಳಿದೆ.

“ಅಲ್ಲೇ ಉಸುಕಿನ ಮ್ಯಾಲ ಇಡವ್ವ. ನೀರು ನಡಕೋತ ಬರ್ತದೇನು?”

ನಮ್ಮೂರ ಕಡೆ, ದಂಡೋತಿಯ ಹೊಳೆದಂಡೆಯಲ್ಲಿ, ಇಟ್ಟ ಗಂಟು ಇಟ್ಟಲ್ಲೇ ಇರುತ್ತದೆ. ಉಬ್ಬರ ಇಳಿತಗಳನ್ನು ಹಲಗೆಯ ಮೇಲೆ ಬರೆದು ಬರೆದು ಕೈ ಸವೆಸಿಕೊಂಡ ಭೂಗೋಳದ ಟೀಚರಬಾಯಿ ನಾನೂ ಅದನ್ನೇ ನಂಬಿ ಇಟ್ಟೆ. ಚಿಪ್ಪು ಆರಿಸುತ್ತ ಬಹುದೂರ ಹೋಗಿ ತಿರುಗಿ ಬರುವಷ್ಟರಲ್ಲಿ ನೀರು ನಡೆದೇ ಬಂದಿತ್ತು. ಡಬ್ಬಿ, ಗಂಟು ಎರಡೂ ನೊರೆಯಲ್ಲಿ ಹೊರಳುತ್ತಿದ್ದವು.

ರೊಟ್ಟಿ ಚೆಲ್ಲಿಬಿಡೋಣ ಎಂದೆ.

“ಪ್ರಸಾದ ಚೆಲ್ತಾರೇನು? ಉಪ್ಪು ಹೆಚ್ಚಾಗ್ಯಾದ, ಅಷ್ಟೇ,” ಎಂದು ಅತ್ತೆ ನೀರು ಬಸಿದು ಗಂಟನ್ನು ಎದೆಗವಚಿಕೊಂಡರು.

ಬಿಸಿಲಲ್ಲಿ ಮತ್ತೆ ನಡೆದೆವು. ಕೊನೆಗೆ ಕಂಡದ್ದು ತೆಂಗಿನ ಗರಿ ಹೊದಿಸಿದ ಒಂದು ಹೋಟೆಲು, ಒಳಗೆಲ್ಲ ಮೀನು. ಅತ್ತೆ ಬಾಗಿಲಲ್ಲೇ ನಿಂತರು. ತುಟಿ ಬಿಳಚಿತ್ತು, ಕಣ್ಣು ಕತ್ತಲೆ ಬರತೊಡಗಿತ್ತು. ಎಳನೀರಾದರೂ ಕುಡಿಯಿರಿ ಎಂದರೆ, ಅದನ್ನು ಕೊಚ್ಚುವ ಕತ್ತಿ ಮೊದಲು ಏನು ಕೊಚ್ಚಿತ್ತೋ ಎಂದರು. ನನಗೆ ಅಳು ಬರುವುದೊಂದು ಬಾಕಿ.

ಹೋಟೆಲಿನ ಹೆಂಗಸು ನಮ್ಮ ತೊಯ್ದ ಗಂಟನ್ನು, ಬಾಗಿಲು ದಾಟದ ಅತ್ತೆಯನ್ನು ನೋಡಿ, ಹಿತ್ತಿಲಿಗೆ ಕರೆದೊಯ್ದು ಮೂಲೆಯ ಒಲೆ ತೋರಿಸಿದಳು.

“ಇದು ಮೀಯೂಕೆ ನೀರು ಕಾಸೂ ಒಲೆ ಅಮ್ಮ. ಮೀನು ಇದರ ಹತ್ರ ಬರೂದಿಲ್ಲ.”

ಅತ್ತೆ ಒಲೆಯನ್ನು ನೋಡಿದರು, ಅವಳನ್ನು ನೋಡಿದರು, ಕುಳಿತರು. ಕೆಂಡದ ಮೇಲೆ ಒಂದೊಂದೇ ರೊಟ್ಟಿ ಒಣಗಿಸಿ, ಹಿಂಡಿ ಹಚ್ಚಿಕೊಂಡು ತಿಂದರು. ತುಟಿಗೆ ಬಣ್ಣ ಬಂತು. ಗಡಿಯಾರ ನೋಡುವುದನ್ನು ನಾನು ಅವತ್ತು ಮರೆತೆ.

ಗಿರಾಕಿಗಳು ಹೋದ ಮೇಲೆ ಆಕೆ ತನ್ನ ಅನ್ನ, ಮೀನಿನ ಸಾರು ಹಿಡಿದು ಹಿತ್ತಿಲಿಗೆ ಬಂದಳು. ನಮ್ಮನ್ನು ಕಂಡು ಬಾವಿಯ ಆಚೆ ಹೋಗಿ ಕುಳಿತಳು.

“ಅಷ್ಟು ದೂರ ಯಾಕ ಕುಂತಿ ತಂಗಿ? ಈಕಡಿ ಬಾ. ರೊಟ್ಟಿ ಬಿಸಿ ಅದ.”

“ವಾಸನೆ ಬರ್ತದೆ ಅಮ್ಮ.”

“ಬರ್ತದ. ಭಾಳ ಬರ್ತದ. ಮೂಗು ನಂದು, ನಾ ಹಿಡ್ಕೋತೀನಿ. ನೀ ಬಾ.”

ಅತ್ತೆ ಒಂದು ಕೈಯಿಂದ ಸೆರಗನ್ನು ಮೂಗಿಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ರೊಟ್ಟಿ ಚಾಚಿದರು. ಅವಳು ಅದನ್ನು ಮೀನಿನ ಸಾರಿಗೆ ಅದ್ದಿ ತಿನ್ನತೊಡಗಿದಾಗ ಮುಖ ಆಚೆ ತಿರುಗಿಸಿ, ಹಾಗೇ ಮಕ್ಕಳು ಮರಿ ವಿಚಾರಿಸತೊಡಗಿದರು.

ಇವತ್ತು ನಾನು ಮೆಟ್ಟಿಲಿನಿಂದ ಹಿಂತಿರುಗಿ ಅಡುಗೆಮನೆಗೆ ಬಂದೆ. ನನ್ನ ತಾಟಿನ ಪಕ್ಕದ ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ಮೇಲೆ ಹಿಂಡಿ ಇಟ್ಟುಕೊಂಡೆ. ಊಟದ ಹೊತ್ತು ಮೀರಿತ್ತು. ಪಲ್ಯ ಆರುತ್ತಿತ್ತು, ಆರಲಿ. ಸೆರಗನ್ನು ಮೂಗಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದೆ. ಎರಡೂ ಕೈಗೆ ಕೆಲಸವಿದ್ದುದರಿಂದ ನರ್ಸಬಾಯಿಯ ಬಾಗಿಲನ್ನು ಮೊಣಕೈಯಿಂದ ತಟ್ಟಿದೆ.