ಜೇಬಿನಕ್ಕ ಹೆಣೆದ ದಾರ

ಮೊನ್ನೆ ಕಾಲೇಜಿನ ಲ್ಯಾಬಿನ ಬೀರು ಸ್ವಚ್ಛ ಮಾಡುವಾಗ ನನ್ನ ಹಳೆಯ ಸ್ಟಾಪ್‌ವಾಚ್ ಸಿಕ್ಕಿತು. ಸೆಲ್ ಸತ್ತು ಎಷ್ಟು ಕಾಲವಾಗಿತ್ತೋ ಏನೋ. ಅದಕ್ಕೆ ಕಟ್ಟಿದ ದಾರ ಮಾತ್ರ ಗಟ್ಟಿಯಾಗಿಯೇ ಇತ್ತು. ಜೀನ್ಸ್ ಪ್ಯಾಂಟು ಹೊಲಿಯುವ ಕಿತ್ತಳೆ ಬಣ್ಣದ ದಪ್ಪ ದಾರವನ್ನು ಜಡೆಯ ಹಾಗೆ ಹೆಣೆದದ್ದು. ಮೂಗಿನ ಹತ್ತಿರ ಹಿಡಿದೆ. ಮಿಷನ್ ಎಣ್ಣೆಯ ವಾಸನೆ, ಅದರಡಿಯಲ್ಲಿ ತೊಳೆಯದ ಜೀನ್ಸ್ ಬಟ್ಟೆಯ ಘಾಟು... ನಿಜವಾಗಿ ಇತ್ತೋ, ನಾನೇ ನೆನೆಸಿಕೊಂಡೆನೋ ಗೊತ್ತಿಲ್ಲ. ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ನಾನು ಆಂಧ್ರದ ಗಡಿಯೊಳಗಿನ ರೊಳ್ಳದ ಕಡೆಯವಳು. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಟೆಕ್ನಾಲಜಿ ಎಂಬ ಡಿಗ್ರಿಗೆ ಸೇರಿದಾಗ ಅದೇನೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಅಷ್ಟಕ್ಕಷ್ಟೆ. ಮಿಷನ್ ರಿಪೇರಿ ಕಲಿಯುವ ಓದೇ ಎಂದು ಅಪ್ಪ ಹಿಪ್ಪುನೇರಳೆ ಸೊಪ್ಪು ಹರಡುತ್ತಾ ಕೇಳಿದ್ದರು. ಅಲ್ಲ, ಮಿಷನ್ನಿನ ಮುಂದೆ ಕೂತವರು ಹೇಗೆ ಕೆಲಸ ಮಾಡುತ್ತಾರೆ, ಎಲ್ಲಿ ಹೊತ್ತು ಹಾಳಾಗುತ್ತದೆ ಎಂದು ನೋಡುವ ಓದು ಎಂದೆ. "ಅದ್ನ ನೋಡಕ್ಕೆ ನಾಕು ವರ್ಸ ಬೇಕೇನವ್ವಾ?" ಎಂದರು. ನಾಲ್ಕು ವರ್ಷ ಓದಿಯೂ ನನಗೆ ನೋಡಲು ಬಂದಿರಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ರಾಯದುರ್ಗಕ್ಕೆ ಹೋದೆ. ಅಲ್ಲಿ ಚಿಕ್ಕಮ್ಮನ ಮನೆಯಿತ್ತು, ಬೀದಿಗೊಂದು ಜೀನ್ಸ್ ಹೊಲಿಯುವ ಶೆಡ್ ಇತ್ತು. ಅಂಥದೊಂದು ಶೆಡ್ಡಿನ ಮಾಲೀಕರು ಒಪ್ಪಿಕೊಂಡರು. ಮಿಷನ್ನುಗಳ ಹಿಂದೆ ಒಂದು ಸ್ಟೂಲು ಹಾಕಿಕೊಟ್ಟರು. ಕೊರಳಲ್ಲಿ ಸ್ಟಾಪ್‌ವಾಚ್, ತೊಡೆಯ ಮೇಲೆ ಹಲಗೆ, ಹಲಗೆಗೆ ಸಿಕ್ಕಿಸಿದ ಹಾಳೆಗಳು. ಯಾರು ಯಾವ ಕೆಲಸಕ್ಕೆ ಎಷ್ಟು ಸೆಕೆಂಡು ತೆಗೆದುಕೊಂಡರು ಎಂದು ಬೆಳಗಿನಿಂದ ಸಂಜೆಯವರೆಗೆ ಬರೆಯುವುದು. ದೊಡ್ಡ ಆಫೀಸರಳ ಗತ್ತಿನಲ್ಲೇ ಕೂತಿದ್ದೆ ಎನ್ನಿ.

ಆ ಸಾಲಿನಲ್ಲಿ ಏಳನೆಯವರು ಅವರು. ಪ್ಯಾಂಟಿನ ಹಿಂದಿನ ಜೇಬು ಕೂಡಿಸುವ ಕೆಲಸ ಅವರದು, ಹಾಗಾಗಿ ಎಲ್ಲರಿಗೂ ಜೇಬಿನಕ್ಕ. ವಯಸ್ಸು ಐವತ್ತು ದಾಟಿತ್ತು. ಗಂಡ ಎಂದೋ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಶೆಡ್ಡಿನ ಹಿಂದೆಯೇ ಒಂದು ಬಾಡಿಗೆ ಕೋಣೆ. ಮೊದಲ ದಿನ ನನ್ನ ಹಲಗೆ, ಗಡಿಯಾರ ನೋಡಿ "ಬರ್ರಿ ಮೇಡಮ್ಮಾರ, ನಮ್ಮ ಉಸ್ರೂ ಎಣಿಸ್ತೀರೇನು?" ಎಂದು ಛೇಡಿಸಿದರು. ನಮ್ಮ ಕಡೆಯ ಮಾತು ಅವರಿಗೆಲ್ಲ ತಮಾಷೆ. ನಾನು ಬಾಯಿ ಬಿಟ್ಟರೆ ಸಾಲೇ ನಗುತ್ತಿತ್ತು. ಮೂರನೆಯ ದಿನಕ್ಕೆ ನಾನು ತಂಗಿಯಾಗಿದ್ದೆ. ಮಧ್ಯಾಹ್ನ ಅವರ ಬುತ್ತಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ನನಗೂ ಪಾಲು.

ಸ್ಟಾಪ್‌ವಾಚಿನ ಪ್ಲಾಸ್ಟಿಕ್ ದಾರ ಕಿತ್ತುಹೋದಾಗ ಈ ಹೊಸ ದಾರ ಹೆಣೆದುಕೊಟ್ಟದ್ದು ಅವರೇ. ಊಟದ ಬಿಡುವಿನಲ್ಲಿ, ಬಾಗಿಲ ಕಡೆ ಮುಖ ಮಾಡಿ ಯಾರದೋ ಮದುವೆಯ ಸುದ್ದಿ ಹೇಳುತ್ತಾ, ದಾರದ ಕಡೆ ಒಮ್ಮೆಯೂ ನೋಡದೆ ಹೆಣೆದು ಮುಗಿಸಿದರು. ಹೊಲಿಯುವಾಗಲೂ ಹಾಗೆಯೇ. ಬೇರೆಯವರು ಸೀಮೆಸುಣ್ಣದ ಗುರುತು ಹುಡುಕಿ ಜೇಬು ಇಡುತ್ತಿದ್ದರು. ಜೇಬಿನಕ್ಕ ಬಲಗೈಯ ತೋರುಬೆರಳನ್ನು ಮೇಲಿನ ಹೊಲಿಗೆಯ ಉಬ್ಬಿನಿಂದ ಕೆಳಗಿಳಿಸಿ, ಬೆರಳಿನ ಅಳತೆಯಲ್ಲೇ ಜಾಗ ಹಿಡಿಯುತ್ತಿದ್ದರು. ಒಂದು ಜೇಬೂ ಸೊಟ್ಟಗಾಗುತ್ತಿರಲಿಲ್ಲ. ಅಕ್ಕಪಕ್ಕದವರು ಸೊಟ್ಟ ಮಾಡಿದ್ದನ್ನೂ ಬಿಚ್ಚಿ ಅವರೇ ಸರಿಮಾಡಿಕೊಡುತ್ತಿದ್ದರು. ನಾನು ಹಾಳೆಯಲ್ಲಿ 'ಗುರುತು ನೋಡುವುದಿಲ್ಲ, ಅಪಾರ ಕೌಶಲ' ಎಂದು ಬರೆದು ಅಡಿಗೆರೆ ಎಳೆದೆ.

ಒಂದೇ ಒಂದು ವಿಷಯ ನನಗೆ ಸರಿಬರಲಿಲ್ಲ. ಆಗಾಗ ಜೇಬಿನಕ್ಕ ಕತ್ತರಿಯಿಂದ ಮಿಷನ್ನಿನ ಹಲಗೆಗೆ ಎರಡು ಸಲ ತಟ್ಟುತ್ತಿದ್ದರು. ತಕ್ಷಣ ಪಕ್ಕದ ಮಿಷನ್ನಿನ ಹೆಂಗಸು ತನ್ನ ಕೆಲಸ ಬಿಟ್ಟು ಇತ್ತ ಬಾಗಿ, ಏನೋ ಪಿಸುಗುಟ್ಟಿ, ಕಿಸಿಕಿಸಿ ನಕ್ಕು ತನ್ನ ಜಾಗಕ್ಕೆ ಮರಳುತ್ತಿದ್ದಳು. ಅವಳ ಕೈ ತುಂಬಾ ಕೆಲಸವಿದ್ದರೆ ಈಚೆ ಮಗ್ಗುಲಿನವಳು ಬಾಗುತ್ತಿದ್ದಳು. ಹಿಂದೆ ಕೂತ ನನಗೆ ಕಾಣುತ್ತಿದ್ದದ್ದು ಮೂರು ಬೆನ್ನು ಮಾತ್ರ. ಸೂಪರ್‌ವೈಸರ್ ತೆಲುಗಿನಲ್ಲಿ ಬೈದು ಸಾಕಾಗಿ ಬಿಟ್ಟಿದ್ದ. ನಾನು ಬಿಡಲಿಲ್ಲ. ಪ್ರತಿ ಸಲವೂ ಗುಂಡಿ ಒತ್ತಿ ಸೆಕೆಂಡು ಹಿಡಿದು 'ಆಪರೇಟರ್ ಏಳು – ಮಾತು' ಎಂದು ಬರೆದೆ.

ಒಂದು ದಿನ ರೊಟ್ಟಿ ಮುರಿಯುತ್ತಾ ಅವರು ಕೇಳಿದರು. "ನಾವು ಮಾತಾಡೋದೂ ಬರೀತಿ ಏನ ತಂಗಿ?"

"ಎಲ್ಲಾನೂ ಬರೀಬೇಕು ಅಕ್ಕ," ಎಂದೆ. ಬರೆಯದಿದ್ದರೆ ಅದು ಓದೇ ಅಲ್ಲ ಎಂಬ ಧಾಟಿ ನನ್ನದು.

ಅವರ ಕೈ ನಿಂತಿತು. ಬಾಯಿಯವರೆಗೆ ಏನೋ ಬಂದಂತಿತ್ತು. ಆಮೇಲೆ "ಬರಿ ಬರಿ, ನಿನ್ನ ಓದು ಮುಗಿಬೇಕಲ್ಲ," ಎಂದು ಚಟ್ನಿಯ ಡಬ್ಬಿ ನನ್ನ ಕಡೆ ಸರಿಸಿದರು. ಆ ಕ್ಷಣದಲ್ಲಿ ನಾನು ಒಂದು ಮಾತು ಕೇಳಬಹುದಿತ್ತು... ಚಟ್ನಿ ಹಾಕಿಕೊಂಡೆ.

ನನ್ನ ವರದಿಯಲ್ಲಿ ಒಂದು ನಕ್ಷೆಯಿತ್ತು. ಪಕ್ಕಪಕ್ಕ ಇರುವ ಮಿಷನ್ನುಗಳನ್ನು ಒಂದರ ಹಿಂದೊಂದು ಇಡಬೇಕು, ನಡುವೆ ಬಟ್ಟೆಯ ಕಟ್ಟು ಸಾಗಲು ಜಾಗ ಬಿಡಬೇಕು, ತನ್ನ ಮಿಷನ್ ಬಿಟ್ಟು ಇನ್ನೊಬ್ಬರದನ್ನು ಯಾರೂ ಮುಟ್ಟಬಾರದು. ಹೀಗೆ ಮಾಡಿದರೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಬಣ್ಣದ ಪಟ್ಟಿ ಹಾಕಿ ತೋರಿಸಿದ್ದೆ. ಮಾಲೀಕರು ಓದಿ, ಓದಿದವರ ತಲೆಯೇ ಬೇರೆ ಎಂದರು. ನಾನು ಉಬ್ಬಿಹೋದೆ. ಅದೇ ವಾರ ಮಿಷನ್ನುಗಳನ್ನು ಸರಿಸಿದರು ಎಂದು ಕೇಳಿದಾಗ ಇನ್ನಷ್ಟು ಉಬ್ಬಿದೆ. ಕಾಲೇಜಿನ ವೈವಾದಲ್ಲಿ, ಒಂದು ಕೆಲಸವನ್ನು ವ್ಯರ್ಥವೆಂದು ತೆಗೆದುಹಾಕುವ ಮೊದಲು ಏನೇನು ಪ್ರಶ್ನೆ ಕೇಳಬೇಕು ಎಂದು ಮೇಷ್ಟ್ರು ಕೇಳಿದರು. ಏನು, ಯಾಕೆ, ಎಲ್ಲಿ, ಯಾವಾಗ, ಯಾರು, ಹೇಗೆ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಇಡೀ ತರಗತಿಯಲ್ಲಿ ನನಗೇ ಹೆಚ್ಚು ಅಂಕ ಬಂತು.

ಪಕ್ಕದ ಮಿಷನ್ನಿನ ಹೆಂಗಸು ಫೋನ್ ಮಾಡಿದ್ದು ಅದಾಗಿ ತಿಂಗಳೊಪ್ಪತ್ತಿಗೆ. ಜೇಬಿನಕ್ಕನ ಬೆರಳಿನ ಮೇಲೆ ಸೂಜಿ ಇಳಿದಿತ್ತು. ಉಗುರಿನ ನಡುವೆ ಹೊಕ್ಕು ಆಚೆ ಬಂದಿತ್ತಂತೆ. ಆಸ್ಪತ್ರೆಯಲ್ಲಿ ಬೆರಳು ನೋಡಿದ ಡಾಕ್ಟರು ಕಣ್ಣೂ ನೋಡಿದ್ದರು. ಸಕ್ಕರೆ ಕಾಯಿಲೆಯಿಂದ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಮಂಜು ಮಂಜು. ಇಂಥ ಕಣ್ಣಲ್ಲಿ ಇಷ್ಟು ದಿನ ಹೇಗೆ ಹೊಲಿದಿರಿ ಎಂದು ಡಾಕ್ಟರೇ ಬೆರಗಾದರಂತೆ. ಮಾಲೀಕರು ಅವತ್ತೇ ಕೆಲಸದಿಂದ ಬಿಡಿಸಿದರು. ಆ ಹೆಂಗಸು ಅಳಲಿಲ್ಲ, ಬೈಯಲೂ ಇಲ್ಲ. ನನಗೆ ಅರ್ಥವಾಗಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು, ಬಿಡಿಸಿ ಹೇಳಿದಳು.

"ನಾವು ಮಾತಾಡ್ತಿದ್ದಿಲ್ರಿ ಮೇಡಂ. ದಾರ ಹರದಾಗ ಸೂಜಿಗೆ ಪೋಣಿಸಿ ಕೊಡ್ತಿದ್ವಿ. ಯಾರಿಗೂ ಗೊತ್ತಾಗಬಾರದಂತ ನಗ್ತಿದ್ವಿ."

ಸಾಲಿನವರೆಲ್ಲ ಸೇರಿ ಅವರ ಕಣ್ಣಿನ ಸಂಗತಿಯನ್ನು ಮುಚ್ಚಿಟ್ಟಿದ್ದರು. ಮಾತಿನ ಮಲ್ಲಿಯರೆಂಬ ಬೈಗುಳವನ್ನು ತಾವು ತಿಂದು, ಜೇಬಿನಕ್ಕನನ್ನು ಮಿಷನ್ನಿನ ಮುಂದೆ ಉಳಿಸಿಕೊಂಡಿದ್ದರು. ಮಿಷನ್ ಹೋದರೆ ಅವರು ಗುಮ್ಮಘಟ್ಟದ ತಮ್ಮನ ಮನೆಗೆ ಹೋಗಿ ಬೀಳಬೇಕಿತ್ತು. ಆ ಮನೆಯ ತುತ್ತು ತಿನ್ನುವ ದಿನ ಬರಬಾರದು ಎಂದು ಅವರು ಎಲ್ಲರ ಹತ್ತಿರ ಹೇಳಿಕೊಂಡಿದ್ದರಂತೆ, ನನ್ನೊಬ್ಬಳನ್ನು ಬಿಟ್ಟು. ನನ್ನ ನಕ್ಷೆಯ ಪ್ರಕಾರ ಮಿಷನ್ ಸರಿಸಿದ ಮೇಲೆ ಮೊದಲ ದಿನ ಅವರು ಕತ್ತರಿ ತಟ್ಟಿದ್ದರು. ಎದ್ದು ಬಂದವಳನ್ನು ಸೂಪರ್‌ವೈಸರ್ ನನ್ನ ಕಾಗದ ತೋರಿಸಿಯೇ ಹಿಂದಕ್ಕೆ ಕಳಿಸಿದ. ಆಮೇಲೆ ಅವರು ತಟ್ಟಲಿಲ್ಲ. ಎಂಜಲು ಹಚ್ಚಿ, ತಡಕಾಡಿ ತಾವೇ ಪೋಣಿಸುತ್ತಿದ್ದರು. ಹಿಂದೆ ಬಿದ್ದದ್ದನ್ನು ಸರಿದೂಗಿಸಲು ಮಿಷನ್ ಜೋರಾಗಿ ಓಡಿಸಿದ್ದಾರೆ. ಅಳತೆ ಹಿಡಿಯುವ ಬೆರಳೇ ಸೂಜಿಗೆ ಸಿಕ್ಕಿತು.

ನಾನು ಮಾಲೀಕರ ಹತ್ತಿರ ಹೋದೆ. ವರದಿ ತಪ್ಪಾಗಿದೆ, ಅದು ವ್ಯರ್ಥವಾದ ಹೊತ್ತಲ್ಲ ಎಂದೆ. "ನೀವ ಬರದದ್ದಲ್ರೀ ಮೇಡಂ?" ಎಂದರು.

ಅಲ್ಲಿಂದ ಶೇರ್ ಆಟೊ ಹಿಡಿದು ಗುಮ್ಮಘಟ್ಟಕ್ಕೆ ಹೋದೆ. ತಮ್ಮನ ಮನೆಯ ಕುರಿಹಟ್ಟಿಯ ಪಕ್ಕ, ಗೋಡೆಗೆ ಒರಗಿ ಕೂತಿದ್ದರು. ನಾನು ಅಕ್ಕಾ ಎಂದ ಕೂಡಲೇ ಗುರುತು ಹಿಡಿದರು. ಪಾಸಾದೆಯಾ ಎಂಬುದೇ ಮೊದಲ ಪ್ರಶ್ನೆ. ಹೂಂ ಎಂದೆ. ಎಷ್ಟು ಅಂಕ ಎಂದು ಹೇಳಲು ನಾಚಿಕೆಯಾಯಿತು. ಒಳಗಿನಿಂದ ತಮ್ಮನ ಹೆಂಡತಿ, ಬಂದವರಿಗೆಲ್ಲ ಟೀ ಕಾಯಿಸುತ್ತಾ ಕೂತರೆ ಆಯಿತು ಎಂದು ಪಾತ್ರೆಗೆ ಹೇಳುವಂತೆ ಹೇಳಿದಳು. ಜೇಬಿನಕ್ಕ ಕೇಳಿಸದವರಂತೆ ಕೈ ಚಾಚಿ, ನಾನು ಅಭ್ಯಾಸದಿಂದ ಕೊರಳಿಗೆ ಹಾಕಿಕೊಂಡೇ ಬಂದಿದ್ದ ಸ್ಟಾಪ್‌ವಾಚಿನ ದಾರ ಮುಟ್ಟಿದರು. ತುದಿಯಲ್ಲಿ ಹೆಣಿಗೆ ಸಡಿಲವಾಗಿತ್ತು. ಪಟ್ಟಿ ಕಟ್ಟಿದ ಬೆರಳನ್ನು ಮೇಲೆತ್ತಿಕೊಂಡು, ಉಳಿದ ಬೆರಳುಗಳಲ್ಲೇ ಅದನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದರು.

ತಪ್ಪಾಯಿತು ಅಕ್ಕ ಎಂದೆ. ಅವರು ಗಂಟು ಬಿಗಿದರು.

"ನೀ ಬರದದ್ದು ಸುಳ್ಳಲ್ಲ ಬಿಡು ತಂಗಿ," ಎಂದರು. "ಯಾಕ ಅಂತ ಒಂದು ಮಾತು ಕೇಳಿದ್ರ ಹೇಳ್ತಿದ್ದೆ."

ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಟೀ ಬರಲಿಲ್ಲ. ಮತ್ತೆ ಬರುತ್ತೇನೆ ಎಂದು ಎದ್ದೆ, ಬಾ ಎಂದರು. ನಾನು ಹೋಗಲಿಲ್ಲ. ಕೆಲಸದ ಹುಡುಕಾಟ, ಓಡಾಟ ಎಂದೆಲ್ಲ ಕಾರಣ ಹೇಳಬಹುದು. ನಿಜವೆಂದರೆ ಆ ಗೋಡೆಯ ಮುಂದೆ ಇನ್ನೊಮ್ಮೆ ನಿಲ್ಲುವ ಧೈರ್ಯವಿರಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡದ್ದನ್ನೂ ಪಕ್ಕದ ಮಿಷನ್ನಿನವಳೇ ಫೋನ್ ಮಾಡಿ ಹೇಳಿದಳು. ಕೊನೆಕೊನೆಗೆ ಕೂತಲ್ಲೇ ಕೈಗೆ ಸಿಕ್ಕ ಹಗ್ಗ, ಲಾಡಿ ಎಲ್ಲ ಹೆಣೆಯುತ್ತಿದ್ದರಂತೆ...

ಈಗ ಮಡಕಶಿರಾದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಇದೇ ಪಾಠ ಹೇಳುತ್ತೇನೆ. ಮೊದಲ ವಾರ ಮಕ್ಕಳಿಗೆ ಸ್ಟಾಪ್‌ವಾಚ್ ಕೊಡುವುದಿಲ್ಲ, ಕೆಲಸ ಮಾಡುವವರ ಹತ್ತಿರ ಹೋಗಿ ಮಾತಾಡಿ ಬನ್ನಿ ಎನ್ನುತ್ತೇನೆ. ಮೇಡಂಗೆ ಪಾಠ ಮಾಡಲು ಸೋಮಾರಿತನ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅದರಿಂದ ಜೇಬಿನಕ್ಕನಿಗೆ ಏನೂ ಆಗಬೇಕಾದದ್ದಿಲ್ಲ.

ಮೊನ್ನೆ ಸ್ಟಾಪ್‌ವಾಚಿಗೆ ಹೊಸ ಸೆಲ್ ಹಾಕಿದೆ. ಬದುಕಿಕೊಂಡಿತು. ಲ್ಯಾಬಿನ ಮೂಲೆಯ ಹೊಲಿಗೆ ಮಿಷನ್ನಿನ ಮುಂದೆ ಕೂತು, ದಾರ ಹೊರಗೆಳೆದು, ಕಣ್ಣು ಮುಚ್ಚಿ ಗುಂಡಿ ಒತ್ತಿದೆ. ಎಂಜಲು ಹಚ್ಚಿದೆ, ಸೂಜಿಯ ಕಣ್ಣು ತಡಕಿದೆ, ತಪ್ಪಿತು. ಮತ್ತೆ ಹಚ್ಚಿದೆ, ಮತ್ತೆ ತಪ್ಪಿತು. ಎಷ್ಟು ಹೊತ್ತು ಹಾಗೆ ಮಾಡಿದೆನೋ, ಗಡಿಯಾರ ಓಡುತ್ತಲೇ ಇತ್ತು. ಕಡೆಗೆ ಪಕ್ಕದಲ್ಲಿದ್ದ ಕತ್ತರಿ ಕೈಗೆತ್ತಿಕೊಂಡು ಹಲಗೆಗೆ ಎರಡು ಸಲ ತಟ್ಟಿದೆ. ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ.