ತಗಡಿನ ಮೇಲೆ ಹಳದಿ ಸೀರೆ

ಮೊನ್ನೆ ಶಾಲೆಯ ಕಪಾಟು ಖಾಲಿ ಮಾಡುವಾಗ ಹಳೆಯ ಪ್ರೊಜೆಕ್ಟರ್ ಹೊರಬಂತು. ಗುಜರಿಗೆ ಹಾಕುವ ಮೊದಲು ಒಮ್ಮೆ ಹಚ್ಚಿ ನೋಡಿದೆ. ಬಿಸಿಯಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಯಾವ ವಾಸನೆಗೆ ಯಾರು ನೆನಪಾಗುತ್ತಾರೋ, ನನಗಂತೂ ಈ ವಾಸನೆಗೆ ನೆನಪಾಗುವುದು ನಾಲ್ಕನೆಯ ತರಗತಿಯ ಭಾಗ್ಯ, ಮತ್ತೆ ಅವಳ ಅವ್ವ.

ನಾನು ತುರ್ಭೆಯ ಕನ್ನಡ ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಡೊಂಬಿವಲಿಯ ಒಂದು ಕೋಣೆಯ ಮನೆಯ ಬಾಗಿಲಿಗೆ ಬಿ.ಎ., ಬಿ.ಎಡ್. ಎಂದು ಬೋರ್ಡು ಹಾಕಿಸಿದವಳು ನಾನು. ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಅಪ್ಪ ಅದನ್ನು ದಿನಾ ಒರೆಸುತ್ತಿದ್ದರು. ನಾನು ಚಿಕ್ಕವಳಿದ್ದಾಗ ಅವರೊಮ್ಮೆ ಶಾಲೆಗೆ ಬಂದು, ಗೋಡೆಯ ನಕಾಶೆ ನೋಡಿ, "ಇದ್ರಲ್ಲಿ ನಮ್ಮ ಡೊಂಬಿವಲಿ ಎಲ್ಲುಂಟು ಮಗಾ?" ಎಂದು ಕೇಳಿದ್ದರು. ಅದು ಕರ್ನಾಟಕದ ನಕಾಶೆ; ಡೊಂಬಿವಲಿ, ತುರ್ಭೆ ಎಲ್ಲ ಅದರ ಗಡಿಯ ಆಚೆ. "ಹಾಗಾದ್ರೆ ನಾವು ಆ ಮೊಳೆ ಹತ್ರ, ಗೋಡೆ ಸುಣ್ಣದ ಮೇಲೆ ಇರ್ಬೇಕು" ಎಂದು ನಕ್ಕುಬಿಟ್ಟರು.

ಅದಕ್ಕೇ ಶಾಲೆಗೆ ಪ್ರೊಜೆಕ್ಟರ್ ಬಂದ ವರ್ಷ ನನ್ನ ಉತ್ಸಾಹ ಅಷ್ಟಿಷ್ಟಲ್ಲ. ಇನ್ನು ಯಾರ ಮನೆಯೂ ಸುಣ್ಣದ ಮೇಲೆ ಉಳಿಯುವುದಿಲ್ಲ ಎಂದುಕೊಂಡೆ. ಗೋಡೆಯ ಮೇಲೆ ತುರ್ಭೆಯ ನಕಾಶೆಯನ್ನೇ ಮೂಡಿಸಿ, "ನಿಮ್ಮ ನಿಮ್ಮ ಮನೆ ತೋರಿಸಿ" ಎಂದೆ. ಸಚಿನ್‌ನ ಬಿಲ್ಡಿಂಗಿಗೆ ಹೆಸರಿತ್ತು, ಉಳಿದವರದಕ್ಕೂ ಇತ್ತು. ಭಾಗ್ಯಳ ಜೋಪಡಿ ಬಸ್ತಿ ಇರಬೇಕಾದಲ್ಲಿ ಬರೀ ಬೂದು ಬಣ್ಣ.

"ಟೀಚರ್, ಇಸ್ಕಾ ಘರ್ ಹೈಚ್ ನಹೀ!" ಎಂದು ಸಚಿನ್ ಕೂಗಿದ. ಅವಳಿಗೆ ಮನೆಯೇ ಇಲ್ಲವೆಂದು ತರಗತಿ ನಕ್ಕಿತು. ಭಾಗ್ಯ ಬ್ಯಾಗಿನೊಳಗೆ ಮುಖ ಹುದುಗಿಸಿದಳು. ಗಡಬಡಿಸಿ ಉಪಗ್ರಹದ ಚಿತ್ರ ತೆಗೆದೆ. ಒತ್ತೊತ್ತಾಗಿ ತಗಡು, ನೀಲಿ ಪ್ಲಾಸ್ಟಿಕ್ಕು. ಯಾವುದು ಯಾರದೆಂದು ತಿಳಿಯದು. "ನಾಳೆ ಹುಡುಕೋಣ, ಗುರುತು ಕೇಳಿಕೊಂಡು ಬಾ" ಎಂದೆ. ನಾಳೆ ಈ ಹುಡುಗಿ ಶಾಲೆಗೆ ಬಂದರೆ ಸಾಕಿತ್ತು ನನಗೆ.

ಬಂದಳು. ಜೊತೆಗೆ ಅವ್ವನೂ. ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುವ ಕೆಲಸ ಬಿಟ್ಟು ಬಂದಿದ್ದರು.

"ಅಕ್ಕೋರ, ಹಬ್ಬಕ್ಕ ಉಡೂ ಹಳದಿ ಸೀರಿ ತಗಡಿನ ಮ್ಯಾಲ ಹಾಸಿ, ಮೂಲಿಗೆಲ್ಲ ಕಲ್ಲ ಇಟ್ಟ ಬಂದೇನ್ರಿ. ಇವತ್ತ ನಮ್ಮ ಮನಿ ಕಾಣಬೇಕ ನೋಡ್ರಿ."

ಮೇಲಿಂದ ಯಾರೋ ಈಗಲೇ ನೋಡುತ್ತಿದ್ದಾರೆ ಎಂದುಕೊಂಡಿದ್ದರು ಪಾಪ. ನನ್ನೊಳಗಿನ ಬಿ.ಎಡ್. ಸುಮ್ಮನಿರಬೇಕಲ್ಲ! "ಇದು ಈಗಿನದಲ್ಲಮ್ಮ, ಹೋದ ವರ್ಷದ ಚಿತ್ರ" ಎಂದು ತಿಳಿಹೇಳಿದೆ.

ಅವರು ಒಂದು ಗಳಿಗೆ ಯೋಚಿಸಿದರು. "ಹೋದ ವರ್ಷನೂ ನಾವ್ ಅಲ್ಲೇ ಇದ್ವಲ್ರಿ ಅಕ್ಕೋರ. ಹಂಗಾರ ಇರ್ಬೇಕಲ್ಲ?"

ಇರಲೇಬೇಕು. ಭಾಗ್ಯಳನ್ನು ಗೋಡೆಯ ಬಳಿ ನಿಲ್ಲಿಸಿ, "ಮನೆಗೆ ಹೇಗೆ ನಡೆದು ಹೋಗ್ತಿ, ಹಾಗೇ ಬೆರಳು ನಡೆಸು" ಎಂದೆ. ಶಾಲೆಯ ಗೇಟು, ನಾಲೆಯ ಸೇತುವೆ, ಟೆಂಪೊ ನಿಲ್ಲುವ ಬಯಲು. ಅಲ್ಲಿಗೆ ಬಂದಾಗ ಅವಳ ನೆರಳೇ ಅವಳ ಮನೆಯನ್ನು ಮುಚ್ಚಿತು. "ಬಾಜೂ ಹೋಗೇ!" ಎಂದು ಎಲ್ಲರೂ ಕಿರುಚಿದರು. ಸರಿದಳು. ನೀಲಿ ಪ್ಲಾಸ್ಟಿಕ್ಕು, ಅದರ ಮೇಲೊಂದು ಕಪ್ಪು ಉಂಗುರ.

"ಟಾಯರ್! ಅಪ್ಪ ಇಟ್ಟ ಟಾಯರ್!"

ಗಾಳಿಗೆ ಹಾರದಿರಲೆಂದು ಹೇರಿದ ಲಾರಿಯ ಟಾಯರ್. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಮ್ಮದ ಐತಿ, ನಮ್ಮದ ಐತಿ" ಎನ್ನುತ್ತ ಗೋಡೆಯನ್ನು ಅಂಗೈಯಿಂದ ಸವರಿದರು. ಸಚಿನ್ ಮುಖ ಸಣ್ಣದು ಮಾಡಿಕೊಂಡು, "ಟೀಚರ್, ನಮ್ಮ ಬಿಲ್ಡಿಂಗ್ ಮೇಲೆ ಟಾಯರೇ ಇಲ್ಲ" ಎಂದ.

ಈಗ ನಮ್ಮಲ್ಲಿ ಸ್ಮಾರ್ಟ್ ಬೋರ್ಡು ಬಂದಿದೆ. ಅದಕ್ಕೆ ವಾಸನೆಯೇ ಇಲ್ಲ. ಮೊನ್ನೆ ಪ್ರೊಜೆಕ್ಟರ್ ಆರಿಸಿ, ಆ ಬೋರ್ಡಿನಲ್ಲಿ ಹೊಸ ಚಿತ್ರ ತೆರೆದು, ಬೆರಳು ನಡೆಸುತ್ತ ಅದೇ ದಾರಿಯಲ್ಲಿ ಹೋದೆ. ಟಾಯರ್ ಇರಲಿಲ್ಲ. ಬಸ್ತಿಗಳ ಪಾಡು ನಿಮಗೆ ಗೊತ್ತೇ ಇದೆ, ಯಾವಾಗ ಕೆಡವುತ್ತಾರೋ ಹೇಳಲಾಗದು. ಕೂಡಲೇ ಭಾಗ್ಯಳಿಗೆ ಫೋನು ಮಾಡಿದೆ. ಈಗ ಕಾಲೇಜಿಗೆ ಹೋಗುತ್ತಾಳೆ.

"ಅದಾ ಟೀಚರ್? ಹೊಸ ತಗಡ ಹಾಕ್ಸೇವ್ರಿ, ಪ್ಲಾಸ್ಟಿಕ್ ತೆಗೆದ್ವಿ. ಟಾಯರ್ ಯಾಕ ಬೇಕು?" ಎಂದು ನಕ್ಕಳು. "ಅವ್ವ ಮಾತ್ರ ಈಗೂ ಕೇಳ್ತಾಳ, ಅಕ್ಕೋರಿಗೆ ಗುರುತು ಸಿಗ್ಬೇಕಲ್ಲ, ಮ್ಯಾಲ ಏನ್ ಹಾಸ್ಲಿ ಅಂತ."

ಈ ಸಲ ನಾನು ಏನನ್ನೂ ತಿಳಿಹೇಳಲು ಹೋಗಲಿಲ್ಲ.

"ಹಳದಿ ಸೀರೆಯನ್ನೇ ಹಾಸಲಿ ಮಗಾ" ಎಂದೆ. "ಕಲ್ಲು ಮಾತ್ರ ಸರಿಯಾಗಿ ಇಡೋಕೆ ಹೇಳು."